ಬೇಡದ ರಾಶಿಗೆ ಹಾಕಿದ ಚೀಟಿ

ಗೋಪಾಳ

ಮಲೇಷ್ಯಾಕ್ಕೆ ಹೋಗಿ ಬಂದೆ ಎಂದ ತಕ್ಷಣ ಶಿವಮೊಗ್ಗದ ನಮ್ಮ ಗೋಪಾಳ ಬಡಾವಣೆಯವರೆಲ್ಲ ಕೇಳುವುದು ಆ ಜೋಡಿ ಗೋಪುರಗಳ ವಿಷಯ. ನೋಡಿದೆ, ಸುಳ್ಳೇಕೆ ಹೇಳಲಿ. ಆದರೆ ಓಡುವ ಕಾರಿನಿಂದ, ಬಲು ದೂರದಿಂದ, ಹಣೆಯ ಬೆವರು ಒರೆಸಿಕೊಳ್ಳುತ್ತಾ ನೋಡಿದೆ. ಅದಕ್ಕಿಂತ ಹೆಚ್ಚು ನನ್ನಲ್ಲಿ ಕೇಳಬೇಡಿ. ನನಗೆ ಹೇಳಲು ಬರುವುದು ಒಂದು ಹೋಟೆಲ್ ರೂಮಿನ ಕತೆ. ಅದನ್ನು ನಾನು ಹರಾಜಿನಲ್ಲಿ ಗೆದ್ದೆ, ಗೆದ್ದ ಗಳಿಗೆಯಿಂದ ಹದಿನೆಂಟು ದಿನ ನೆಟ್ಟಗೆ ಊಟ ಮಾಡಲಿಲ್ಲ.

ನಾನು ಅಡಿಕೆ ಮಂಡಿಯಲ್ಲಿ ಖರೀದಿದಾರರೊಬ್ಬರ ಪರವಾಗಿ ಟೆಂಡರ್ ಬರೆಯುವವನು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಬೆಳಿಗ್ಗೆ ಮಂಡಿ ಮಂಡಿ ತಿರುಗಿ, ಸುರಿದಿಟ್ಟ ರಾಶಿಯಿಂದ ಒಂದು ಹಿಡಿ ತೆಗೆದು, ಅಡಿಕೆ ಒಡೆದು, ಒಳಗಿನ ಬಣ್ಣ ನೋಡಿ, ಈ ರಾಶಿಗೆ ಇಷ್ಟು ಎಂದು ದರ ಬರೆಯುವುದು. ಯಾರ ದರ ಹೆಚ್ಚೋ ಮಾಲು ಅವರದು. ಮೊದಲು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದೆವು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಆದರೂ ನಮ್ಮ ಬಾಯಲ್ಲಿ ಅದು ಚೀಟಿ ಎಂದೇ ಉಳಿದುಕೊಂಡಿದೆ.

ನಮ್ಮಲ್ಲಿ ಒಂದು ರೂಢಿ ಇದೆ. ಬೇಡದ ರಾಶಿಗೂ ಕಡಿಮೆ ದರದ ಒಂದು ಚೀಟಿ ಹಾಕಿಬಿಡುತ್ತೇವೆ. ಮಂಡಿ ಸಾಹುಕಾರರು, 'ನಮ್ಮ ಮಾಲಿನ ಕಡೆ ತಿರುಗೂ ನೋಡಲಿಲ್ಲ' ಎಂದು ಮುನಿಸಿಕೊಳ್ಳಬಾರದಲ್ಲ, ಅದಕ್ಕೆ. ಆ ಚೀಟಿ ಗೆಲ್ಲುವ ಭಯವಿಲ್ಲ. ಬೇರೆ ಯಾರಾದರೂ ಅದಕ್ಕಿಂತ ಹೆಚ್ಚು ಹಾಕಿಯೇ ಇರುತ್ತಾರೆ. ನಮಗೆ ಮರ್ಯಾದೆಯೂ ಉಳಿಯಿತು, ಮಾಲೂ ತಲೆಗೆ ಬರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅಂಥ ಒಂದು ಚೀಟಿಯೂ ನನ್ನ ಕುತ್ತಿಗೆಗೆ ಬಂದಿರಲಿಲ್ಲ. ಆ ಧೈರ್ಯವೇ ನನ್ನನ್ನು ಮುಳುಗಿಸಿತು.

ಪ್ರಯಾಣ ನನ್ನದಲ್ಲ, ನನ್ನ ಅಕ್ಕನದು. ಸುವರ್ಣಕ್ಕನಿಗೆ ಅರವತ್ತೆರಡು. ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದು ನಿವೃತ್ತಳಾದವಳು. ಅವಳದು ವೇಗದ ನಡಿಗೆಯ ಸ್ಪರ್ಧೆ. ಓಡುವಂತಿಲ್ಲ, ಯಾವ ಹೊತ್ತಿನಲ್ಲೂ ಒಂದು ಕಾಲಾದರೂ ನೆಲದ ಮೇಲಿರಬೇಕು, ಆದರೆ ಓಡುವವರಷ್ಟೇ ಬೇಗ ಹೋಗಬೇಕು. ಕ್ವಾಲಾಲಂಪುರದಲ್ಲಿ ಹಿರಿಯರ ಕ್ರೀಡಾಕೂಟ, ಅದರಲ್ಲಿ ಐದು ಕಿಲೋಮೀಟರ್ ನಡಿಗೆಗೆ ಅವಳು ಹೆಸರು ಕೊಟ್ಟಿದ್ದಳು. ಭಾವನಿಗೆ ಕಿವಿಯ ತೊಂದರೆ, ವಿಮಾನ ಹತ್ತುವಂತಿಲ್ಲ. "ನೀನು ಹೋಗಿ ಬಾ ಮಾರಾಯ, ಅವಳ ಜೊತೆ ನಡೆಯೋದು ನನ್ನಿಂದ ನೆಲದ ಮೇಲೇ ಆಗ್ಲಿಲ್ಲ" ಎಂದರು.

ಕೂಟದವರು ಕ್ರೀಡಾಂಗಣದ ಪಕ್ಕದ ಹೋಟೆಲುಗಳ ಪಟ್ಟಿಯನ್ನೂ ದರವನ್ನೂ ಕಳಿಸಿದ್ದರು. ಅಕ್ಕ ಫೋನಿನಲ್ಲಿ, "ಸುಮ್ನೆ ಇದ್ರಲ್ಲೊಂದು ತಗೊಂಡ್ಬಿಡೋ ನಾಗು" ಎಂದಳು.

"ಹಾಕಿದ ರೇಟಿಗೆ ತಗೊಳ್ಳೋದಾದ್ರೆ ನಾನ್ಯಾಕೆ ಬೇಕು? ಯಾರು ಬೇಕಾದ್ರೂ ತಗೊಳ್ತಾರೆ" ಎಂದೆ. ಈ ಮಾತು ಬರೆದಿಟ್ಟುಕೊಳ್ಳಿ. ಆಮೇಲೆ ಅಕ್ಕ ಇದನ್ನು ನನಗೇ ನಾಲ್ಕು ಸಲ ವಾಪಸ್ ಕೊಟ್ಟಳು.

ಹೋಟೆಲ್ ರೂಮುಗಳನ್ನು ಹರಾಜಿನಂತೆ ಕೊಡುವ ಒಂದು ಜಾಲತಾಣವನ್ನು ಮಂಡಿಯ ಗೆಳೆಯನೊಬ್ಬ ತೋರಿಸಿದ್ದ. ಅಲ್ಲಿ ನಾವು ಊರಿನ ಯಾವ ಭಾಗ ಬೇಕು, ಎಷ್ಟು ನಕ್ಷತ್ರದ ಹೋಟೆಲ್ ಬೇಕು ಎಂದು ಗುರುತು ಹಾಕಿ, ನಮ್ಮ ದರ ನಾವೇ ಬರೆಯಬೇಕು. ಹೋಟೆಲಿನ ಹೆಸರು ಕಾಣುವುದಿಲ್ಲ. ಯಾವುದಾದರೂ ಹೋಟೆಲ್ ಒಪ್ಪಿದರೆ ಆ ಕ್ಷಣ ಕಾರ್ಡಿನಿಂದ ದುಡ್ಡು ಹೋಗುತ್ತದೆ, ಆಮೇಲೆ ಹೆಸರು ಬರುತ್ತದೆ. ಬೇಡ ಎನ್ನುವಂತಿಲ್ಲ. ಅಡಿಕೆ ಒಡೆದು ನೋಡದೆ ರಾಶಿ ಕೊಳ್ಳುವ ವ್ಯಾಪಾರ ಇದು, ಮಂಡಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ನಾನೇ ನಗುತ್ತಿದ್ದೆ.

ಆದರೂ ಕೈ ಕಡಿಯತೊಡಗಿತು. ಬೇರೆ ಕಡೆಯ ಮಾಮೂಲಿ ದರ ನೋಡಿಕೊಂಡೆ. ಅದರ ಅರ್ಧಕ್ಕಿಂತ ತುಸು ಮೇಲಿನಿಂದ ಶುರು ಮಾಡುವುದು, ದುಂಡು ಅಂಕಿ ಬರೆಯದಿರುವುದು, ಸೋತರೆ ಒಂದಿಷ್ಟೇ ಏರಿಸುವುದು, ಇವೆಲ್ಲ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕ್ರೀಡಾಂಗಣದ ಭಾಗಕ್ಕೆ ನಾಲ್ಕು ನಕ್ಷತ್ರ ಗುರುತಿಸಿ ದರ ಬರೆದೆ. ಒಪ್ಪಲಿಲ್ಲ. ಮತ್ತೆ ಬರೆಯಬೇಕೆಂದರೆ ಒಂದು ದಿನ ಕಾಯಬೇಕು, ಇಲ್ಲವೇ ಊರಿನ ಇನ್ನೊಂದು ಭಾಗವನ್ನು ಸೇರಿಸಬೇಕು. ಇದಕ್ಕೆ ಬಲ್ಲವರು ಒಂದು ಉಪಾಯ ಹೇಳುತ್ತಾರೆ. ನಾಲ್ಕು ನಕ್ಷತ್ರದ ಹೋಟೆಲೇ ಇಲ್ಲದ ಒಂದು ಭಾಗ ಹುಡುಕಿ ಅದನ್ನು ಸೇರಿಸುವುದು. ಅಲ್ಲಿ ಒಪ್ಪುವವರು ಇಲ್ಲವಾದ್ದರಿಂದ ಅಪಾಯವಿಲ್ಲ, ಇತ್ತ ನಮಗೆ ಇನ್ನೊಂದು ಸಲ ದರ ಬರೆಯುವ ಅವಕಾಶ ಸಿಕ್ಕಂತಾಯಿತು.

ನಕ್ಷೆಯ ಅಂಚಿನಲ್ಲಿ ಬಂದರಿನ ಪಕ್ಕ ಕ್ಲಾಂಗ್ ಎಂದು ಒಂದು ಊರು ಕಂಡಿತು. ಅಲ್ಲಿ ಒಂದೇ ಒಂದು ದೊಡ್ಡ ಹೋಟೆಲ್ ಇರುವ ಹಾಗಿತ್ತು. ಇದ್ದರೆ ಏನಾಯಿತು, ಇಷ್ಟು ಕಡಿಮೆಗೆ ಅವನು ಕೊಡುತ್ತಾನೆಯೇ, ಬೇಡದ ರಾಶಿಗೆ ಹಾಕುವ ಚೀಟಿ ತಾನೆ ಎಂದುಕೊಂಡು ಅದನ್ನೂ ಸೇರಿಸಿ ಒತ್ತಿದೆ. ಅರ್ಧ ನಿಮಿಷದಲ್ಲಿ 'ಅಭಿನಂದನೆಗಳು' ಎಂದು ಬಂತು.

ನಾನು ಮರೆತದ್ದು ಇಷ್ಟೇ: ಮಂಡಿಯಲ್ಲಿ ನನ್ನ ಕಡಿಮೆ ಚೀಟಿಯನ್ನು ಸೋಲಿಸಲು ಇನ್ನೊಬ್ಬ ಖರೀದಿದಾರ ಇರುತ್ತಾನೆ. ಇಲ್ಲಿ ನನ್ನ ಎದುರು ಯಾರೂ ಇರಲೇ ಇಲ್ಲ. ಖಾಲಿ ರೂಮು ಇಟ್ಟುಕೊಂಡ ಒಬ್ಬ ಮಾರುವವನು ಮಾತ್ರ ಇದ್ದ. ಕ್ರೀಡಾಂಗಣದಿಂದ ಕ್ಲಾಂಗಿಗೆ ಮೂವತ್ತೈದು ಕಿಲೋಮೀಟರಿನ ಮೇಲಾಗುತ್ತದೆ ಎಂದು ಆಮೇಲೆ ಲೆಕ್ಕ ಹಾಕಿದೆ. ಅಂದರೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬಂದಷ್ಟು.

ಭದ್ರಾವತಿ

ಮರುದಿನ ಬಸ್ಸು ಹತ್ತಿ ಭದ್ರಾವತಿಗೆ ಹೋದೆ, ಎಲ್ಲ ಹೇಳಿಬಿಡುವ ಎಂದು. ಅಕ್ಕ ಕಾರ್ಖಾನೆ ಕ್ವಾರ್ಟರ್ಸಿನ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಆ ರಸ್ತೆ ಈಗ ಅರ್ಧ ಖಾಲಿ, ವಾಹನದ ಕಾಟವಿಲ್ಲ. ವೇಗದ ನಡಿಗೆಯಲ್ಲಿ ಸೊಂಟ ಆಚೆ ಈಚೆ ತಿರುಗುತ್ತದೆ. ಅದನ್ನು ನೋಡಿ ಹೊಸಬರು ಯಾರಾದರೂ, "ಮೇಡಂ, ಸೊಂಟ ಹಿಡ್ಕೊಂಡಿದ್ಯಾ?" ಎಂದು ಕೇಳುವುದುಂಟು. "ಹಿಡ್ಕೊಂಡಿದ್ರೆ ಮನೇಲಿ ಮಲಗ್ತಿದ್ದೆ, ನೀನು ಬಾ, ಒಂದು ಸುತ್ತು ಜೊತೆಗೆ ನಡಿ" ಎನ್ನುತ್ತಾಳೆ. ಅರ್ಧ ಸುತ್ತು ನಡೆದವರು ಇಲ್ಲಿಯವರೆಗೆ ಯಾರೂ ಇಲ್ಲ.

ನಾನು ಹೋದಾಗ ಅವಳು ಒಂದು ಹೊಸ ಹುಚ್ಚು ಹಿಡಿಸಿಕೊಂಡಿದ್ದಳು. ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು. ಅದಕ್ಕೆ ಈಗಿನಿಂದಲೇ ರಾತ್ರಿ ಎರಡು ಗಂಟೆಗೆ ಏಳುತ್ತಿದ್ದಳು. ಕಾರ್ಖಾನೆಯಿಂದ ನಿವೃತ್ತರಾದ ಭಾವ ನನ್ನ ಕಿವಿಯಲ್ಲಿ, "ರಿಟೈರ್ ಆದ್ಮೇಲೂ ನನಗೆ ನೈಟ್ ಶಿಫ್ಟ್ ತಪ್ಪಲಿಲ್ಲ ನೋಡು" ಎಂದು ಗೊಣಗಿದರು.

ಕಾಫಿ ಕೊಡುತ್ತಾ ಅಕ್ಕ ಹಳೆಯದನ್ನು ತೆಗೆದಳು. ನಾನು ಬಲ್ಲ ಕತೆಯೇ. ಅವಳಿಗೆ ಹದಿನೆಂಟು ತುಂಬಿದಾಗ ಅಖಿಲ ಭಾರತ ಕೂಟವೊಂದಕ್ಕೆ ಆಯ್ಕೆಯಾಗಿದ್ದಳು, ಪಂಜಾಬಿನಲ್ಲಿ. ಅಪ್ಪ ಕಿರಾಣಿ ವ್ಯಾಪಾರಿ, ಕೆಟ್ಟವರಲ್ಲ. ಬೇಡ ಎಂದೂ ಹೇಳಲಿಲ್ಲ. ಪತ್ರ ತಂದ ಮೇಷ್ಟ್ರನ್ನು ಒಂದೇ ಪ್ರಶ್ನೆ ಕೇಳಿದರು: "ಹುಡುಗಿ ಉಳಿಯೋದು ಎಲ್ಲಿ?" ಮೇಷ್ಟ್ರಿಗೆ ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಹೋದವರು ವಿಚಾರಿಸಿ ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಅಕ್ಕ ಅದಾದ ಮೇಲೆ ಮೂವತ್ತೆರಡು ವರ್ಷ ಬೇರೆಯವರ ಮಕ್ಕಳನ್ನು ಕೂಟಗಳಿಗೆ ಕರೆದುಕೊಂಡು ಹೋದಳು. ಎಲ್ಲಿಗೆ ಹೋದರೂ ಮೊದಲು ಉಳಿಯುವ ಜಾಗ ನೋಡಿ, ಬಾಗಿಲ ಚಿಲಕ ಹಾಕಿ ತೆಗೆದು ಪರೀಕ್ಷೆ ಮಾಡುತ್ತಿದ್ದಳು.

"ಉಳಿಯೋದು ಆಯ್ತೇನೋ?" ಎಂದು ಕೇಳಿದಳು.

"ಆಯ್ತು" ಎಂದೆ. "ನಾಲ್ಕು ನಕ್ಷತ್ರ. ಈಜುಕೊಳ ಇದೆ."

"ಈಜೋಕೆ ಹೋಗ್ತಿದೀನೇನೋ? ಗ್ರೌಂಡಿಗೆ ಹತ್ರ ತಾನೆ?"

"ಹತ್ರನೇ" ಎಂದುಬಿಟ್ಟೆ. ಆ ಮಾತು ಬಾಯಿಂದ ಹೊರಟದ್ದು ನನಗೆ ಈಗಲೂ ನಾಚಿಕೆ. ಮನೆಗೆ ಬಂದು ಪಟ್ಟಿಯಲ್ಲಿದ್ದ ಹೋಟೆಲುಗಳಿಗೆ ಒಂದೊಂದಾಗಿ ಬರೆದೆ, ದರ ಎಷ್ಟಾದರೂ ಸರಿ ಎಂದು. ಕೂಟಕ್ಕೆ ಬರುವವರು ಎಲ್ಲವನ್ನೂ ಹಿಡಿದುಬಿಟ್ಟಿದ್ದರು. ಎಲ್ಲೂ ಒಂದು ರೂಮು ಇರಲಿಲ್ಲ.

ವಿಮಾನ ನಿಲ್ದಾಣದಿಂದ

ಅಲ್ಲಿ ಇಳಿದಾಗ ಮಧ್ಯಾಹ್ನ. ಟ್ಯಾಕ್ಸಿಯವರು ವಯಸ್ಸಾದ ಮಲಯ್ ಗೃಹಸ್ಥರು, ತಲೆಗೆ ಕಪ್ಪು ಟೋಪಿ. ಆ ಊರಿನವರು ಯಾವುದನ್ನೂ ತೋರುಬೆರಳಿನಿಂದ ತೋರಿಸುವುದಿಲ್ಲ. ಬೆರಳುಗಳನ್ನೆಲ್ಲ ಮಡಚಿ, ಹೆಬ್ಬೆರಳು ಮುಂದೆ ಮಾಡಿ ತೋರಿಸುತ್ತಾರೆ. ಬೆರಳು ಚಾಚಿದರೆ ಅಮರ್ಯಾದೆ. ನಮ್ಮ ಮಂಡಿಯಲ್ಲಿ ಆ ಹೆಬ್ಬೆರಳು ಕಂಡರೆ ಏನೋ ವ್ಯಾಪಾರ ಮುರಿಯಿತು ಎಂದುಕೊಳ್ಳುತ್ತೇವೆ. ಅವರು ಹಾಗೆ ಹೆಬ್ಬೆರಳಲ್ಲಿ ಎಡಗಡೆ ತೋರಿಸಿ, "ಕ್ವಾಲಾಲಂಪುರ" ಎಂದರು. ನಾವು ಹೊರಳಿದ್ದು ಮಾತ್ರ ಬೇರೆ ರಸ್ತೆಗೆ. ದೂರದಲ್ಲಿ ಮಬ್ಬಾಗಿ ಎರಡು ಕಡ್ಡಿ ನಿಲ್ಲಿಸಿದ ಹಾಗೆ ಗೋಪುರಗಳು ಕಂಡವು, ಆಮೇಲೆ ಮರೆಯಾದವು.

ಅಕ್ಕನಿಗೆ ರಸ್ತೆಯ ಫಲಕ ಓದುವ ಚಟ. ಮಕ್ಕಳನ್ನು ಕರೆದುಕೊಂಡು ಊರೂರು ತಿರುಗಿದವಳು ನೋಡಿ. "ಗ್ರೌಂಡ್ ಇರೋದು ಆ ಕಡೆ ಅಂತ ಬೋರ್ಡಲ್ಲಿ ಇತ್ತು. ಇವ್ರು ಈ ಕಡೆ ಯಾಕೆ ಬಂದ್ರು?"

ಎರಡು ನಿಮಿಷ ಕಿಟಕಿಯ ಆಚೆ ನೋಡಿದೆ. ಸಾಲು ಸಾಲು ತಾಳೆ ಎಣ್ಣೆಯ ಮರಗಳು. ಆಮೇಲೆ ಎಲ್ಲ ಹೇಳಿದೆ. ಚೀಟಿ, ಬೇಡದ ರಾಶಿ, ಹತ್ರನೇ ಎಂದ ಸುಳ್ಳು, ಒಂದೂ ಬಿಡಲಿಲ್ಲ.

ಅಕ್ಕ ಬೈಯುತ್ತಾಳೆ ಎಂದು ಕಾದೆ. ಅವಳು ಬೈದರೆ ಕ್ವಾರ್ಟರ್ಸಿನ ಆ ತುದಿಗೆ ಕೇಳುತ್ತದೆ. ಅಂದು ಧ್ವನಿಯನ್ನೇ ಎತ್ತಲಿಲ್ಲ.

"ಆವಾಗ ಅಪ್ಪ ಎಲ್ಲಿ ಉಳಿಯೋದು ಅಂತ ಕೇಳಿದ್ರು, ಉತ್ತರ ಇರ್ಲಿಲ್ಲ" ಎಂದಳು. "ಈಗ ಉತ್ತರ ಇದೆ. ಊರೇ ಬೇರೆ."

ನನಗೆ ಅಳು ಬಂತು, ಐವತ್ತೇಳು ವರ್ಷದವನಿಗೆ. ನಾಳೆ ಬೆಳಿಗ್ಗೆ ಆರೂವರೆಯ ಒಳಗೆ ಕ್ರೀಡಾಂಗಣದಲ್ಲಿ ಹಾಜರಿ ಕೊಟ್ಟು, ಎದೆಗೆ ಸಿಕ್ಕಿಸುವ ಸಂಖ್ಯೆಯ ಪಟ್ಟಿ ಪಡೆಯಬೇಕು. ಒಂದು ನಿಮಿಷ ತಡವಾದರೂ ಹೆಸರು ಹೊಡೆದುಹಾಕುತ್ತಾರೆ. ಅಕ್ಕ ನಲವತ್ತನಾಲ್ಕು ವರ್ಷ ಕಾದದ್ದು ಆ ಒಂದು ಬೆಳಿಗ್ಗೆಗೆ. ನಾನು ಅದನ್ನು ಒಂದಿಷ್ಟು ಉಳಿತಾಯದ ಖುಷಿಗೆ, ಅದೂ ಅಲ್ಲ, ಗೆದ್ದೆ ಎನ್ನುವ ಜಂಬಕ್ಕೆ ಪಣ ಇಟ್ಟಿದ್ದೆ.

ಕ್ಲಾಂಗ್

ಹೋಟೆಲ್ ಮಾತ್ರ ಬಲು ಭರ್ಜರಿ. ಒಳಗೆ ಮೀನಿನ ತೊಟ್ಟಿ, ನೆತ್ತಿಯ ಮೇಲೆ ಗಾಜಿನ ದೀಪದ ಗೊಂಚಲು. ಅದರ ಕೆಳಗೆ ಹೂವಿನ ಕಮಾನು ಕಟ್ಟುತ್ತಿದ್ದರು. ಎರಡನೇ ಮಹಡಿಯಲ್ಲಿ ಮದುವೆ ಹಾಲ್, ಸಂಜೆ ಆರತಕ್ಷತೆ. ನಮಗೆ ಸಿಕ್ಕ ರೂಮು ಮೂರನೇ ಮಹಡಿಯಲ್ಲಿ, ನೇರವಾಗಿ ಹಾಲಿನ ನೆತ್ತಿಯ ಮೇಲೆ. ಅಕ್ಕ ಚಿಲಕ ಹಾಕಿ ತೆಗೆದು ನೋಡುತ್ತಿರುವಾಗಲೇ ಕೆಳಗೆ ತಮಿಳರ ತವಿಲು ಡೋಲು ಶ್ರುತಿ ಮಾಡಿಕೊಳ್ಳುವ ಸದ್ದು ಶುರುವಾಯಿತು. ಹಾಸಿಗೆಯ ಪಕ್ಕದ ನೀರಿನ ಲೋಟ ನಡುಗಿತು ಎಂದರೆ ನೀವು ನಂಬಬೇಕು. ಅಕ್ಕ ಏಳು ಗಂಟೆಗೆ ಮಲಗಬೇಕು, ನಾಲ್ಕಕ್ಕೆ ಏಳಬೇಕು.

"ನಾನು ಕೆಳಗೆ ಹೋಗಿ ಜಗಳ ಮಾಡ್ತೀನಿ" ಎಂದೆ.

"ನೀನು ಏನೂ ಮಾಡ್ಬೇಡ. ಇಲ್ಲಿವರೆಗೆ ಮಾಡಿದ್ದೇ ಸಾಕು" ಎಂದು ಅವಳೇ ಹೊರಟಳು. ನಾನು ಚಪ್ಪಲಿ ಹುಡುಕಿ ಹಿಂದೆ ಓಡಿದೆ.

ಕೌಂಟರಿನಲ್ಲಿದ್ದ ಮ್ಯಾನೇಜರ್ ನಲವತ್ತರ ಹೆಂಗಸು, ಹಣೆಗೆ ವಿಭೂತಿ, ಎದೆಯ ಮೇಲೆ ಪರಮೇಶ್ವರಿ ಎಂಬ ಹೆಸರಿನ ಬಿಲ್ಲೆ. ಅವರ ಇಂಗ್ಲಿಷು ನನಗೆ ತಿಳಿಯದು, ನನ್ನದು ಅವರಿಗೆ. ಪ್ರತಿ ಮಾತಿಗೂ ಕೊನೆಗೆ 'ಲಾ' ಎಂದು ಒಂದು ಬಾಲ ಬೇರೆ. ನಾನು ದೊಡ್ಡ ಧ್ವನಿಯಲ್ಲಿ 'ರೂಮ್, ಸೌಂಡ್, ಸ್ಲೀಪ್' ಎನ್ನುತ್ತಿರುವಾಗ ಹಿಂದಿನಿಂದ ಅವರ ಜೊತೆಯವನೊಬ್ಬ ಏನೋ ಕೇಳಿದ, ಅವರು ತಮಿಳಿನಲ್ಲಿ ಉತ್ತರ ಕೊಟ್ಟರು. ಅಕ್ಕನ ಮುಖ ಅರಳಿತು.

ಭದ್ರಾವತಿ ಕ್ವಾರ್ಟರ್ಸಿನಲ್ಲಿ ಅಕ್ಕನ ಎಡಮನೆಯವರು ತಮಿಳರು, ಬಲಮನೆಯವರು ತೆಲುಗರು. ಮೂವತ್ತು ವರ್ಷ ಗೋಡೆಯ ಮೇಲೆ ಸಾರಿನ ಬಟ್ಟಲು ದಾಟಿಸಿದವಳಿಗೆ ಭಾಷೆ ತಾನಾಗಿ ಬಂದಿದೆ.

"ಯಮ್ಮಾ, ನಾಳೈಕ್ಕಿ ಎನಕ್ಕು ಪೋಟ್ಟಿ ಇರುಕ್ಕು" ಎಂದು ಶುರು ಮಾಡಿದಳು. ನಾಳೆ ನನಗೆ ಸ್ಪರ್ಧೆ ಇದೆ, ನಿದ್ದೆ ಬೇಕು, ಬೆಳಿಗ್ಗೆ ಹೋಗಲು ನಂಬಿಕೆಯ ಗಾಡಿ ಬೇಕು ಎಂದೆಲ್ಲ ಹೇಳಿದಳು. ನನ್ನ ಚೀಟಿಯ ಕತೆಯನ್ನೂ ಬಿಡಲಿಲ್ಲ ಎಂಬುದು ಪರಮೇಶ್ವರಿ ನನ್ನತ್ತ ತಿರುಗಿ ನಕ್ಕಿದ್ದರಲ್ಲಿ ತಿಳಿಯಿತು.

"ಎಂಗೇರುಂದು ವರೀಂಗ ಅಕ್ಕಾ?" ಎಲ್ಲಿಂದ ಬಂದಿರಿ ಎಂದು ಅವರು ಕೇಳಿದರು. ಅಕ್ಕ, "ಭದ್ರಾವತಿ" ಎಂದಳು, ಇಡೀ ಜಗತ್ತಿಗೆ ಗೊತ್ತಿರುವ ಊರು ಎನ್ನುವ ಹಾಗೆ. ಪರಮೇಶ್ವರಿಗೆ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದರು. ಆಮೇಲೆ ಎರಡು ಕೈಯನ್ನೂ ಕೌಂಟರಿನ ಮೇಲಿಟ್ಟು, "ಕ್ಯಾನ್ ಲಾ" ಎಂದರು. ಆಗುತ್ತದೆ ಎಂದು ಅರ್ಥ. ಆ ದೇಶದಲ್ಲಿ ನಾನು ಕೇಳಿದ ಅತಿ ಚೆಂದದ ಮಾತು ಅದು.

ಏಳನೇ ಮಹಡಿಯಲ್ಲಿ ಹಿಂಬದಿಯ ರೂಮು ಕೊಟ್ಟರು. ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು, ಸದ್ದೇ ಇಲ್ಲ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ತನ್ನ ಗಂಡ ಸೆಲ್ವಂ ಕಾರು ತರುತ್ತಾನೆ ಎಂದರು. ಅರ್ಧ ಗಂಟೆಯ ಮೇಲೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಪರಮೇಶ್ವರಿ ಕಳಿಸಿದ ಬಿಸಿ ಹಾಲು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೂಲೆಯಲ್ಲಿ ಒಂದು ಸ್ಟ್ರಾ ಸಿಕ್ಕಿಸಿ. ಅಲ್ಲಿ ಚಹಾ, ಕಾಫಿ ಎಲ್ಲವನ್ನೂ ಹಾಗೆ ಚೀಲದಲ್ಲಿ ಕಟ್ಟಿ ಬೆರಳಿಗೆ ನೇತುಹಾಕಿಕೊಂಡು ನಡೆಯುತ್ತಾರೆ. ನಾವು ಹೋಟೆಲಿನಿಂದ ಸಾಂಬಾರ್ ಪಾರ್ಸೆಲ್ ತರುವ ಹಾಗೆ. ಅಕ್ಕ ಅದನ್ನು ಕುಡಿದು, ಬೂಟಿನ ದಾರ ಬಿಗಿ ಮಾಡಿಟ್ಟು, ಗೋಡೆ ಕಡೆ ತಿರುಗಿ ಮಲಗಿದಳು. ಹತ್ತು ನಿಮಿಷದಲ್ಲಿ ಗೊರಕೆ. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಟೋಲ್ ಗೇಟು

ಸೆಲ್ವಂ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇದ್ದರು. ಮಾತು ಕಡಿಮೆ, ಗಾಡಿ ಸ್ವಚ್ಛ, ಮುಂದೆ ಮುರುಗನ ಪುಟ್ಟ ಮೂರ್ತಿ. ಸಣ್ಣಗೆ ಮಳೆ ಹನಿಯುತ್ತಿತ್ತು. ರಸ್ತೆ ನಮ್ಮ ಊರಿಂದ ತ್ಯಾವರೆಕೊಪ್ಪಕ್ಕೆ ಹೋಗುವ ದಾರಿಯ ನಾಲ್ಕರಷ್ಟು ಅಗಲ, ನುಣ್ಣಗೆ. ಇನ್ನೇನು ಎಲ್ಲ ಸರಿಹೋಯಿತು ಎಂದು ನಾನು ಕಾಲು ಚಾಚಿ ಕುಳಿತೆ. ಚಾಚಬಾರದಿತ್ತು.

ಟೋಲ್ ಗೇಟಿನಲ್ಲಿ ಮನುಷ್ಯರಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ಕಾರ್ಡು ತಾಗಿಸಬೇಕು, ಕಂಬ ಮೇಲೇಳುತ್ತದೆ. ಸೆಲ್ವಂ ತಾಗಿಸಿದರು. ಕೆಂಪು ದೀಪ. ಮತ್ತೆ ತಾಗಿಸಿದರು. ಮತ್ತೆ ಕೆಂಪು. ಅವರು ತಲೆಯ ಮೇಲೆ ಕೈ ಹೊತ್ತರು. ಹಿಂದಿನ ದಿನ ಮದುವೆಯ ಓಡಾಟಕ್ಕೆಂದು ಮೈದುನ ಕಾರು ಒಯ್ದಿದ್ದನಂತೆ. ಕಾರ್ಡಿನಲ್ಲಿ ಇದ್ದ ದುಡ್ಡನ್ನೆಲ್ಲ ಮುಗಿಸಿಟ್ಟಿದ್ದ.

ನಾನು ಜೇಬಿನಿಂದ ನೋಟುಗಳನ್ನು ತೆಗೆದು ಕಿಟಕಿಯಿಂದ ಆ ಯಂತ್ರಕ್ಕೆ ತೋರಿಸಿದೆ. ಯಂತ್ರ ನೋಟನ್ನು ನೋಡುತ್ತದೆಯೇ? ಕೂಗಿ ಕರೆದೆ. ಯಾರೂ ಇಲ್ಲ. ಹಿಂದೆ ಹೋಗೋಣವೆಂದರೆ ಆಗಲೇ ಐದಾರು ಗಾಡಿ ಸಾಲು ನಿಂತಿದ್ದವು. ನಮ್ಮ ಕಡೆಯ ಟೋಲ್ ಆಗಿದ್ದರೆ ಅಷ್ಟರಲ್ಲಿ ಹಾರ್ನಿನ ಜಾತ್ರೆಯಾಗಿ, ಇಬ್ಬರು ಇಳಿದು ಬಂದು ನಮ್ಮ ಮನೆತನವನ್ನೆಲ್ಲ ವಿಚಾರಿಸಿರುತ್ತಿದ್ದರು. ಇಲ್ಲಿ ಒಬ್ಬರೂ ಹಾರ್ನ್ ಮಾಡಲಿಲ್ಲ. ಆ ಮೌನವೇ ನನ್ನನ್ನು ಇನ್ನಷ್ಟು ಹೆದರಿಸಿತು. ಗಡಿಯಾರದಲ್ಲಿ ಐದೂ ಇಪ್ಪತ್ತೈದು.

ಅಕ್ಕ ಬಾಗಿಲು ತೆರೆದು ಇಳಿದೇಬಿಟ್ಟಳು.

"ಎಲ್ಲಿಗೆ ಅಕ್ಕ?"

"ಇನ್ನೆಷ್ಟು ದೂರ ಅಂತ ಕೇಳೋ ಅವ್ರನ್ನ. ನಡ್ಕೊಂಡು ಹೋಗ್ತೀನಿ." ತಮಾಷೆಗೆ ಹೇಳಿದಳೋ ನಿಜಕ್ಕೋ ನನಗೆ ಇವತ್ತಿಗೂ ತಿಳಿಯದು. ಮಳೆಯಲ್ಲೇ ಗೇಟಿನ ಪಕ್ಕದ ಕಟ್ಟೆಯ ಮೇಲೆ ಒಂದು ಕಾಲಿಟ್ಟು ಮೀನಖಂಡ ಸಡಿಲ ಮಾಡಿಕೊಳ್ಳತೊಡಗಿದಳು.

ಹಿಂದಿನ ಕಾರಿನಿಂದ ಒಬ್ಬ ಹೆಂಗಸು ಇಳಿದರು. ತಲೆವಸ್ತ್ರ ಕಟ್ಟಿದ್ದರು, ಕೈಯಲ್ಲಿ ಕೊಡೆ. ಬೈಗುಳ ಬಂತು ಎಂದು ನಾನು ಎರಡು ಕೈ ಜೋಡಿಸಿಯೇ ನಿಂತೆ. ಅವರು ಅಕ್ಕನ ಬೂಟು ನೋಡಿದರು, ಅಂಗಿಯ ಬೆನ್ನಿನ ಮೇಲೆ ಬರೆದಿದ್ದ ಇಂಡಿಯಾ ಎಂಬ ಹೆಸರು ನೋಡಿದರು, ಸೆಲ್ವಂ ಜೊತೆ ಎರಡು ಮಾತಾಡಿದರು. ಆಮೇಲೆ ತಮ್ಮ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರು. ಕಂಬ ಎದ್ದಿತು.

ನಾನು ನೋಟುಗಳನ್ನು ಚಾಚಿದೆ. ಅವರು ಬಲಗೈಯನ್ನು ಎದೆಯ ಮೇಲಿಟ್ಟು, ಬೇಡ ಎಂದು ತಲೆಯಾಡಿಸಿ, ಹೆಬ್ಬೆರಳಿನಿಂದ ಮುಂದಿನ ರಸ್ತೆ ತೋರಿಸಿದರು. ಮಂಡಿಯಲ್ಲಿ ಇಷ್ಟು ವರ್ಷ ಕಳೆದರೂ ಕೊಟ್ಟ ದುಡ್ಡನ್ನು ಬೇಡವೆಂದವರನ್ನು ನಾನು ಕಂಡದ್ದು ಕಡಿಮೆ. ಅವರ ಹೆಸರು ಕೇಳಲೂ ಹೊತ್ತಿರಲಿಲ್ಲ. ಅಕ್ಕ ಮಾತ್ರ ಕಾರು ಹತ್ತುವ ಮೊದಲು ಅವರ ಕೈ ಹಿಡಿದು ಕನ್ನಡದಲ್ಲೇ, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯಿ" ಎಂದಳು. ಅವರು ನಕ್ಕರು.

ಕ್ರೀಡಾಂಗಣ

ಹಾಜರಿಯ ಮೇಜಿನ ಮುಂದೆ ಅಕ್ಕ ನಿಂತಾಗ ಆರೂ ಹತ್ತು. ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಸಂಖ್ಯೆಯ ಪಟ್ಟಿ ಅವಳ ಕೈಗೆ ಬಂದದ್ದನ್ನು ಕಣ್ಣಾರೆ ನೋಡಿ ನಾನು ಮೆಟ್ಟಿಲ ಮೇಲೆ ಕುಳಿತೆ. ಹದಿನೆಂಟು ದಿನದಿಂದ ಬೆನ್ನ ಮೇಲಿದ್ದ ಮೂಟೆಯನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು. ಇನ್ನು ಗೆಲ್ಲಲಿ ಸೋಲಲಿ, ಅದು ಅವಳ ಕಾಲಿನ ವಿಷಯ, ನನ್ನ ತಲೆಯ ವಿಷಯವಲ್ಲ ಎನ್ನಿಸಿ ಜೋರಾಗಿ ನಕ್ಕೆ. ಪಕ್ಕದಲ್ಲಿ ಕುಳಿತಿದ್ದ ಜಪಾನಿನ ಮುದುಕರೊಬ್ಬರು ತಾವೂ ನಕ್ಕು ಒಂದು ಬಾಳೆಹಣ್ಣು ಕೊಟ್ಟರು.

ಮಳೆ ನಿಂತಿತ್ತು. ಹತ್ತು ಹೆಂಗಸರು ಹೊರಟರು, ಹನ್ನೆರಡೂವರೆ ಸುತ್ತು. ಕೆಲವರಿಗೆ ನಮ್ಮ ಅಮ್ಮನಷ್ಟು ಬಿಳಿಕೂದಲು. ತೀರ್ಪುಗಾರರು ಬಾಗಿ ಬಾಗಿ ಅವರ ಪಾದಗಳನ್ನೇ ನೋಡುತ್ತಾರೆ. ಎರಡೂ ಕಾಲು ನೆಲ ಬಿಟ್ಟರೆ ಅಥವಾ ಮೊಣಕಾಲು ಬಾಗಿದರೆ ಕೆಂಪು ಚೀಟಿ. ಮೂರು ಬಿದ್ದರೆ ಹೊರಗೆ. ಎಂಟನೇ ಸುತ್ತಿನ ಹೊತ್ತಿಗೆ ಫಲಕದಲ್ಲಿ ಅಕ್ಕನ ಸಂಖ್ಯೆಯ ಮುಂದೆ ಎರಡು ಕೆಂಪು ಗುರುತು ಬಿದ್ದಿದ್ದವು. ಆಗ ಅವಳು ಮೂರನೆಯವಳಾಗಿ ಹೋಗುತ್ತಿದ್ದಳು.

ನಾನು ಬೇಲಿ ಹಿಡಿದು, "ಅಕ್ಕಾ, ನಿಧಾನ! ಎರಡು ಬಿದ್ದಿದೆ!" ಎಂದು ಕೂಗಿದೆ.

ಅವಳಿಗೆ ಗೊತ್ತಿತ್ತು. ವೇಗವನ್ನು ಒಂದಿಷ್ಟೇ ಇಳಿಸಿದಳು. ಹಿಂದಿನಿಂದ ಆಸ್ಟ್ರೇಲಿಯಾದ ಎತ್ತರದ ಹೆಂಗಸೊಬ್ಬರು ಅವಳನ್ನು ದಾಟಿದರು. ಅಕ್ಕ ಬೆನ್ನಟ್ಟಲಿಲ್ಲ. ಬೆನ್ನಟ್ಟಿದರೆ ಕಾಲು ಎದ್ದುಬಿಡುತ್ತದೆ ಎಂದು ಅವಳಿಗೆ ಗೊತ್ತು. ಉಳಿದ ಸುತ್ತುಗಳನ್ನು ಒಂದೊಂದು ಹೆಜ್ಜೆ ನೆಲಕ್ಕೆ ಒತ್ತಿ ಒತ್ತಿ ನಡೆದಳು, ಕ್ವಾರ್ಟರ್ಸಿನ ಖಾಲಿ ರಸ್ತೆಯಲ್ಲಿ ನಡೆದ ಹಾಗೆ. ಅಂಥ ಆಸೆಯನ್ನು ಅಷ್ಟು ಹಿಡಿತದಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಆಗುತ್ತಿದ್ದರೆ ಕ್ಲಾಂಗಿಗೆ ಚೀಟಿ ಹಾಕುತ್ತಿದ್ದೆನೇ?

ಮೂರನೇ ಚೀಟಿ ಬೀಳಲಿಲ್ಲ. ಗೆರೆ ದಾಟಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾಲ್ಕನೇದು ಕಣೋ" ಎಂದಳು. "ಮೆಡಲ್ ಇಲ್ಲ. ಆದ್ರೆ ಹೊರಗೆ ಕಳಿಸ್ಲಿಲ್ಲ ನೋಡು."

"ಇಲ್ಲ ಅಕ್ಕ, ಕಳಿಸ್ಲಿಲ್ಲ."

"ಅಪ್ಪ ಇರ್ಬೇಕಿತ್ತು" ಎಂದು ಬಾಗಿ ಬೂಟಿನ ದಾರ ಸಡಿಲಿಸಿ, "ಮೊದ್ಲು ತಿನ್ನೋಕೆ ಏನಾದ್ರೂ ಕೊಡಿಸು, ತಲೆ ಸುತ್ತುತ್ತೆ" ಎಂದಳು. ಜಪಾನಿನ ಮುದುಕರ ಬಾಳೆಹಣ್ಣು ಆಗ ಉಪಯೋಗಕ್ಕೆ ಬಂತು.

ಮತ್ತೆ ಕ್ಲಾಂಗ್

ಇನ್ನೆರಡು ದಿನ ಇದ್ದೆವು. ಅಕ್ಕ ರಾಜಧಾನಿ ನೋಡಲು ಒಪ್ಪಲಿಲ್ಲ. "ಇಲ್ಲೇ ಆರಾಮಾಗಿದೆ, ಜನ ಗೊತ್ತಾಗಿದ್ದಾರೆ" ಎಂದಳು. ಬಾಳೆಎಲೆಯ ಊಟ, ಸಂಜೆ ಈಜುಕೊಳದಲ್ಲಿ ಕಾಲು ಇಳಿಬಿಟ್ಟು ಕೂರುವುದು. ಈಜುಕೊಳವೂ ಕೊನೆಗೆ ಲೆಕ್ಕಕ್ಕೆ ಬಂತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹೊರಡುವ ದಿನ ಆ ಹಿಗ್ಗನ್ನು ಪರಮೇಶ್ವರಿ ಇಳಿಸಿದರು. ರೂಮಿನ ಕೀಲಿ ವಾಪಸ್ ಕೊಡುತ್ತಾ ನಾನು ಅಕ್ಕನ ಮೂಲಕ, ಅಷ್ಟು ಕಡಿಮೆ ದರಕ್ಕೆ ಹೇಗೆ ಒಪ್ಪಿದಿರಿ ಎಂದು ಕೇಳಿಸಿದೆ. ಹೊಗಳಿಕೆಯ ಆಸೆ, ಮತ್ತೇನು? ಅವರು ಕಂಪ್ಯೂಟರ್ ನೋಡಿ ಏನೋ ಹೇಳಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಏನಂತೆ?"

"ಆ ವಾರ ಅರ್ಧ ಹೋಟೆಲ್ ಖಾಲಿ ಇತ್ತಂತೆ. ನೀನು ಇನ್ನೂ ಕಮ್ಮಿ ಬರ್ದಿದ್ರೂ ಕೊಡ್ತಿದ್ರಂತೆ."

ಹೊಸಮನೆ

ಊರಿಗೆ ಬಂದು ತಿಂಗಳಾಗಿತ್ತು. ಒಂದು ಭಾನುವಾರ ಅಕ್ಕ ಭದ್ರಾವತಿಯಿಂದ ಬಂದವಳು, "ಹೊಸಮನೆಗೆ ಹೋಗ್ಬೇಕು, ಬಾ" ಎಂದಳು. ನಮ್ಮೂರಿನ ಆ ಬಡಾವಣೆಯಲ್ಲಿ ಬಟ್ಟೆ ಅಂಗಡಿಯವರೊಬ್ಬರ ಮಗಳು ಅವಳ ಹತ್ತಿರ ನಡಿಗೆ ಕಲಿಯುತ್ತಾಳೆ. ಹುಡುಗಿ ಉತ್ತರ ಭಾರತದಲ್ಲಿ ನಡೆಯುವ ರಾಷ್ಟ್ರ ಮಟ್ಟದ ಕೂಟಕ್ಕೆ ಆಯ್ಕೆಯಾಗಿದ್ದಾಳೆ, ತಂದೆ ಇನ್ನೂ ಹೂಂ ಅಂದಿಲ್ಲ.

ಅವರು ನಮ್ಮನ್ನು ಕೂರಿಸಿ, ಪಾನಕ ತರಿಸಿ, ತುಂಬ ಹೊತ್ತು ವ್ಯಾಪಾರದ ಮಾತು ಆಡಿದರು. ಒಳ್ಳೆಯ ಮನುಷ್ಯ. ಕೊನೆಗೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ ಕೇಳಿದರು.

"ಎಲ್ಲ ಸರಿ ಮೇಡಂ. ಹುಡುಗಿ ಉಳಿಯೋದು ಎಲ್ಲಿ?"

ನಾನು ಲೋಟ ಕೆಳಗಿಟ್ಟೆ. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

"ಅದನ್ನ ನನ್ನ ತಮ್ಮ ನೋಡ್ಕೊಳ್ತಾನೆ" ಎಂದಳು ಅಕ್ಕ. "ಇವನಿಗೆ ಒಂದ್ಸಲ ತಪ್ಪಿದೆ. ಅದಕ್ಕೇ ಇವನಿಗೇ ಹೇಳ್ತಿರೋದು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲೇ ಫೋನ್ ತೆಗೆದು, ಆ ಊರಿನ ಕ್ರೀಡಾಂಗಣದ ಎದುರಿಗೇ ಇರುವ ಹೋಟೆಲ್ ಹುಡುಕಿ, ಅವರ ನಂಬರಿಗೆ ಹಚ್ಚಿದೆ. ಗೇಟಿನಿಂದ ಎಷ್ಟು ಹೆಜ್ಜೆ, ಯಾವ ಮಹಡಿ, ಕೆಳಗೆ ಮದುವೆ ಹಾಲ್ ಇದೆಯೇ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಎಲ್ಲ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅಕ್ಕನೂ ಹುಡುಗಿಯೂ ಹೋಗುವ ದಿನಕ್ಕೆ ರೂಮು ಬೇಕು ಎಂದೆ. ಅವನು ದರ ಹೇಳಿದ.

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಹೇಳಿದ ದರಕ್ಕೆ ಆಯಿತು ಎಂದೆ.